ಸ್ಪ್ಯಾನಿಷ್‌ನ ‘ಕೆದಾರ್’: ಕನ್ನಡದ ‘ಉಳಿ’ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಗೋಕರ್ಣದ ಕುಡ್ಲೆ, ಓಂ ಬೀಚಿನ ಕಡೆ ರೂಮು ಬಾಡಿಗೆಗೆ ಕೊಡುವವರು, ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಕರೆದೊಯ್ಯುವವರು, ಕಾರವಾರದ ಟ್ಯಾಕ್ಸಿಯವರು, ಶಿರಸಿಯಲ್ಲಿ ಮೊಬೈಲ್ ಆ್ಯಪ್ ಹಿಡಿದು ಸ್ಪ್ಯಾನಿಷ್ ಕಲಿಯುವ ಕಾಲೇಜು ಮಕ್ಕಳು, ಎಲ್ಲರೂ ಬೇಗ ಮುಗ್ಗರಿಸುವ ಒಂದು ಕ್ರಿಯಾಪದ ‘ಕೆದಾರ್’. ಆ್ಯಪ್ ಇದಕ್ಕೆ ‘ಸ್ಟೇ’, ‘ರಿಮೇನ್’ ಎಂದು ಅರ್ಥ ಕೊಟ್ಟು ಮುಂದೆ ಹೋಗುತ್ತದೆ. ಮರುದಿನ ಯಾರೋ ‘ಈ ಅಂಗಿ ನಿಮಗೆ ಒಪ್ಪುತ್ತದೆ’ ಎನ್ನಲು ಇದನ್ನೇ ಬಳಸುತ್ತಾರೆ, ಇನ್ನೊಬ್ಬರು ‘ಆರಕ್ಕೆ ಸಿಗೋಣ’ ಎನ್ನಲು ಇದನ್ನೇ, ಮತ್ತೊಬ್ಬರು ‘ಸ್ಟೇಷನ್ ಎಲ್ಲಿದೆ’ ಎನ್ನಲೂ ಇದನ್ನೇ. ಹತ್ತು ಅರ್ಥ ಉರು ಹೊಡೆಯುವ ದಾರಿ ಬಿಟ್ಟುಬಿಡಿ. ಈ ಪದದ ಅರ್ಥವನ್ನು ತೀರ್ಮಾನಿಸುವುದು ಅದರ ಅಕ್ಕಪಕ್ಕದ ಪುಟ್ಟ ಪದಗಳು: ಮೆ, ಸೆ, ಕೊನ್, ಎನ್, ಸಿನ್, ಅ. ಅವನ್ನು ನೋಡಲು ಕಲಿತರೆ ಸಾಕು. ಇಂಗ್ಲಿಷ್ ನಡುವೆ ಬರದಿದ್ದರೆ ಕನ್ನಡದವರಿಗೆ ಇದು ಸುಲಭವೇ.

ಮೊದಲು ಉಚ್ಚಾರ

ಬರೆಯುವುದು ಕ್ಯೂ, ಯು, ಇ, ಡಿ, ಎ, ಆರ್. ಓದುವುದು ‘ಕೆದಾರ್’. ನಡುವಿನ ಯು ಕಾಗುಣಿತಕ್ಕೆ ಮಾತ್ರ ಇದೆ, ಬಾಯಿಗೆ ಬರಬಾರದು. ‘ಕ್ವೆದಾರ್’ ಅಂದರೆ ತಪ್ಪು. ‘ಡ’ ಕೂಡ ಬೇಡ, ನಮ್ಮ ದಂತ್ಯ ‘ದ’ವೇ ಸರಿ, ಅದನ್ನೂ ನಾಲಿಗೆ ಹಲ್ಲಿಗೆ ಸ್ವಲ್ಪ ತಾಗಿಸಿ ಮೆತ್ತಗೆ ಬಿಟ್ಟರೆ ಆಯಿತು.

ಸ್ಪ್ಯಾನಿಷ್‌ನಲ್ಲಿ ಹ್ರಸ್ವ–ದೀರ್ಘದ ಭೇದವಿಲ್ಲ, ಒತ್ತಿನ ಭೇದ ಇದೆ. ಒತ್ತು ಬೀಳುವ ಕಡೆ ಇಲ್ಲಿ ದೀರ್ಘ ಬರೆದಿದ್ದೇವೆ. (‘ಬ್ಯೆನ್’, ‘ದ್ಯೆಸ್’ನಂಥ ಒಂದೇ ಉಸಿರಿನ ಪದಗಳನ್ನು ಹಾಗೇ ಬಿಟ್ಟಿದ್ದೇವೆ.) ಇದೇನು ಶೋಕಿಯಲ್ಲ: ‘ಕೇದೊ’ ಅಂದರೆ ‘ನಾನು ಉಳಿಯುತ್ತೇನೆ’, ‘ಕೆದೋ’ ಅಂದರೆ ‘ಅವನು/ಅವಳು/ಅದು ಉಳಿಯಿತು’. ಒತ್ತು ಜಾರಿದರೆ ಕರ್ತೃವೂ ಕಾಲವೂ ಒಟ್ಟಿಗೆ ಬದಲಾಗುತ್ತವೆ.

ರೂಪಗಳು ಪೂರ್ತಿ ನಿಯಮಿತ. ವರ್ತಮಾನದಲ್ಲಿ ಕೇದೊ (ನಾನು), ಕೇದಸ್ (ನೀನು), ಕೇದ (ಅವನು, ಅವಳು, ಅದು, ಗೌರವದ ನೀವು), ಕೆದಾಮೊಸ್ (ನಾವು), ಕೆದಾಯ್ಸ್ (ಸ್ಪೇನಿನಲ್ಲಿ ಸಲುಗೆಯ ‘ನೀವೆಲ್ಲ’), ಕೇದನ್ (ಅವರು, ಅವು, ನೀವೆಲ್ಲ). ಮುಗಿದ ಭೂತಕಾಲದಲ್ಲಿ ಕೆದೇ, ಕೆದಾಸ್ತೆ, ಕೆದೋ, ಕೆದಾಮೊಸ್, ಕೆದಾಸ್ತೆಯ್ಸ್, ಕೆದಾರೊನ್. ‘ಉಳಿದಿತ್ತು, ಉಳಿದಿರುತ್ತಿತ್ತು’ ಎನ್ನುವ ಹರಿವಿಗೆ ಕೆದಾಬ, ಕೆದಾಬನ್. ಇಷ್ಟನ್ನು ಒಮ್ಮೆ ಕೈಯಲ್ಲಿ ಬರೆದುಕೊಳ್ಳಿ. ‘ಕೆದಾಮೊಸ್’ ಎರಡೂ ಕಾಲಕ್ಕೆ ಒಂದೇ ಎಂಬುದನ್ನು ಗುರುತು ಹಾಕಿಡಿ, ಅದು ಮುಂದೆ ತೊಂದರೆ ಕೊಡುತ್ತದೆ.

ಮೊದಲ ಹೆಜ್ಜೆ: ಒಂಟಿ ‘ಕೇದ’, ಅಂದರೆ ಉಳಿದಿದೆ

ಮೊದಲ ವಾರ ಬೇರೆ ಯಾವ ಅರ್ಥದ ತಂಟೆಗೂ ಹೋಗಬೇಡಿ. ಅಡುಗೆಮನೆಗೆ ಹೋಗಿ, ಏನು ಉಳಿದಿದೆ, ಏನು ಮುಗಿದಿದೆ ಎಂದು ನೋಡುತ್ತ ದಿನಕ್ಕೆ ಹತ್ತು ವಾಕ್ಯ ಗಟ್ಟಿಯಾಗಿ ಹೇಳಿ. ‘ಕೇದ ಅರ್ರೋಸ್’ ಅಂದರೆ ಅನ್ನ ಉಳಿದಿದೆ. ‘ನೋ ಕೇದ ಪೆಸ್ಕಾದೊ’ ಅಂದರೆ ಮೀನು ಮುಗಿದಿದೆ. ‘ಕೇದನ್ ದೋಸ್ ವೇಬೊಸ್’ ಅಂದರೆ ಎರಡು ಮೊಟ್ಟೆ ಉಳಿದಿವೆ. ‘ಮುಗಿದಿದೆ’ಗೆ ಬೇರೆ ಪದ ಹುಡುಕುವುದೇ ಬೇಡ. ‘ನೋ ಕೇದ’ ಹೋಟೆಲಿನಲ್ಲೂ ಅಂಗಡಿಯಲ್ಲೂ ದಿನಬೆಳಗಾದರೆ ಕೇಳುವ ಮಾತು.

ಇಲ್ಲಿ ಕನ್ನಡದವರ ಒಂದು ಖಾಯಂ ತಪ್ಪು ಇದೆ. ಆಡುಮಾತಿನಲ್ಲಿ ನಾವು ‘ಎರಡು ರೂಮು ಉಳಿದಿದೆ’ ಅನ್ನುತ್ತೇವೆ, ಯಾರೂ ತಿದ್ದುವುದಿಲ್ಲ. ಅದೇ ಅಭ್ಯಾಸದಲ್ಲಿ ‘ಕೇದ ದೋಸ್ ಅಬಿತಸ್ಯೋನೆಸ್’ ಬಾಯಿಗೆ ಬರುತ್ತದೆ. ಅಲ್ಲ, ‘ಕೇದನ್’. ಎಣಿಸಬಹುದಾದದ್ದು ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ‘ನ್’ ಬಿಡುವಂತಿಲ್ಲ. ಅನ್ನ, ನೀರು, ಹಾಲು ಎಣಿಕೆಗೆ ಸಿಗುವುದಿಲ್ಲ, ಅವಕ್ಕೆ ‘ಕೇದ’.

ಇನ್ನೊಂದು. ನಮ್ಮ ‘ಉಳಿ’ ಎರಡು ಕೆಲಸ ಮಾಡುತ್ತದೆ. ಊಟಕ್ಕೆ ಇನ್ನೂ ಅನ್ನ ಇದೆ ಎನ್ನುವಾಗಲೂ ‘ಉಳಿದಿದೆ’, ಎಲ್ಲರ ಊಟ ಮುಗಿದು ಹೆಚ್ಚಾಯಿತು ಎನ್ನುವಾಗಲೂ ‘ಉಳಿದಿದೆ’. ಎರಡನೆಯದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಸೊಬ್ರಾರ್’ ಎಂಬ ಬೇರೆ ಕ್ರಿಯಾಪದವಿದೆ. ‘ಮಿಕ್ಕಿದೆ’ ಎಂದು ಹೇಳಬಹುದಾದ ಕಡೆ ಸೊಬ್ರಾರ್, ‘ಇನ್ನೂ ಇದೆ’ ಎನ್ನಬಹುದಾದ ಕಡೆ ಕೆದಾರ್. ಬಾಕಿ ಕೆಲಸಕ್ಕೆ ‘ಪೊರ್’ ಸೇರಿಸಿ: ‘ಕೇದ ಮೂಚೊ ಪೊರ್ ಅಸೇರ್’, ಮಾಡುವುದು ಬಹಳ ಬಾಕಿ ಇದೆ.

ಎರಡನೇ ಹೆಜ್ಜೆ: ‘ಮೆ ಕೇದ’, ನಮ್ಮ ‘ನನಗೆ’

ಈಗ ಮುಂದೆ ಮೆ, ತೆ, ಲೆ, ನೊಸ್, ಒಸ್, ಲೆಸ್ ಸೇರಿಸಿ. ಇವು ನನಗೆ, ನಿನಗೆ, ಅವನಿಗೆ/ಅವಳಿಗೆ/ನಿಮಗೆ, ನಮಗೆ, ನಿಮಗೆಲ್ಲ, ಅವರಿಗೆ. ‘ಮೆ ಕೇದನ್ ಸ್ಯೆನ್ ರೂಪ್ಯಸ್’: ನನ್ನ ಹತ್ತಿರ ನೂರು ರೂಪಾಯಿ ಉಳಿದಿದೆ. ‘ನೊಸ್ ಕೇದನ್ ದೋಸ್ ಅಬಿತಸ್ಯೋನೆಸ್’: ನಮ್ಮಲ್ಲಿ ಎರಡು ರೂಮು ಉಳಿದಿವೆ.

ಇದೇ ಚೌಕಟ್ಟಿನಲ್ಲಿ ಬಟ್ಟೆಯ ಮಾತೂ ಬರುತ್ತದೆ. ಗೋಕರ್ಣದ ರಥಬೀದಿಯ ಬಟ್ಟೆ ಅಂಗಡಿಯವರು ಮೊದಲು ಕಲಿಯಬೇಕಾದದ್ದು ಇದನ್ನೇ. ‘ತೆ ಕೇದ ಬ್ಯೆನ್’ ನಿನಗೆ ಒಪ್ಪುತ್ತದೆ. ಗೌರವ ಬೇಕಾದರೆ ‘ಲೆ ಕೇದ ಬ್ಯೆನ್’. ‘ಮೆ ಕೇದ ಗ್ರಾಂದೆ’ ನನಗೆ ದೊಡ್ಡದಾಯಿತು. ಚಪ್ಪಲಿ, ಪ್ಯಾಂಟು ಬಹುವಚನ: ‘ಏಸ್ತೊಸ್ ಪಂತಲೋನೆಸ್ ಮೆ ಕೇದನ್ ಲಾರ್ಗೊಸ್’, ಈ ಪ್ಯಾಂಟು ನನಗೆ ಉದ್ದವಾಯಿತು. ಕನ್ನಡದಲ್ಲಿ ‘ನನಗೆ ದೊಡ್ಡದಾಯ್ತು’ ಎನ್ನುವ ಹಾಗೆಯೇ ಇದೆ, ಕರ್ತೃ ಪ್ಯಾಂಟು, ‘ನನಗೆ’ ಚತುರ್ಥಿ. ಇಂಗ್ಲಿಷ್ ಮೂಲಕ ಕಲಿತವರು ಮಾತ್ರ ‘ಯೊ ಕೇದೊ’ ಎಂದು ಶುರು ಮಾಡಿ ಸಿಕ್ಕಿಬೀಳುತ್ತಾರೆ.

ಅಡುಗೆಗೂ ಇದೇ. ‘ಎಲ್ ಪೆಸ್ಕಾದೊ ತೆ ಕೆದೋ ರೀಕೊ’ ಅಂದರೆ ನೀನು ಮಾಡಿದ ಮೀನು ರುಚಿಯಾಗಿ ಬಂದಿದೆ. ಅತಿಥಿ ಇಷ್ಟು ಹೇಳಿದರೆ ಹೊಗಳಿಕೆ ಎಂದು ತಿಳಿದು ‘ಗ್ರಾಸ್ಯಸ್’ ಅನ್ನಿ. ಮೀನು ಉಳಿದುಹೋಯಿತು ಎಂದು ತಿಳಿದು ಪಾತ್ರೆ ಎತ್ತಿಕೊಂಡು ಹೋಗಬೇಡಿ.

ಮೂರನೇ ಹೆಜ್ಜೆ: ‘ಕೆದಾರ್ಸೆ’, ಅಂದರೆ ಉಳಿದುಕೊಳ್ಳುವುದು

ಕನ್ನಡದವರಿಗೆ ದೊಡ್ಡ ಲಾಭ ಇಲ್ಲಿದೆ. ಉಳಿ ಎಂಬುದಕ್ಕೆ ‘ಕೊಳ್ಳು’ ಸೇರಿಸಿದರೆ ಉಳಿದುಕೊಳ್ಳು. ಕೆದಾರ್ ಎಂಬುದಕ್ಕೆ ‘ಸೆ’ ಸೇರಿಸಿದರೆ ಕೆದಾರ್ಸೆ. ಅನ್ನ ಉಳಿಯುತ್ತದೆ, ಅತಿಥಿ ಉಳಿದುಕೊಳ್ಳುತ್ತಾನೆ. ಇಂಗ್ಲಿಷ್‌ನಲ್ಲಿ ಈ ‘ಕೊಳ್ಳು’ವಿಗೆ ಜಾಗವೇ ಇಲ್ಲದ್ದರಿಂದ ಅಲ್ಲಿಂದ ಕಲಿಯುವವರಿಗೆ ‘ಸೆ’ ಯಾಕೆ ಬಂತೆಂದು ಹೊಳೆಯುವುದಿಲ್ಲ.

ಇದರಲ್ಲಿ ಮುಂದೆ ಬರುವವು ಮೆ, ತೆ, ಸೆ, ನೊಸ್, ಒಸ್, ಸೆ. ‘ಮೆ ಕೇದೊ ತ್ರೇಸ್ ನೋಚೆಸ್’: ಮೂರು ರಾತ್ರಿ ಉಳಿದುಕೊಳ್ಳುತ್ತೇನೆ. ‘ಕ್ವಾಂತಸ್ ನೋಚೆಸ್ ಸೆ ಕೇದನ್?’: ಎಷ್ಟು ರಾತ್ರಿ ಉಳಿದುಕೊಳ್ಳುತ್ತೀರಿ? ಹೋಮ್‌ಸ್ಟೇ ನಡೆಸುವವರು ಒಂದೇ ವಾಕ್ಯ ಕಲಿಯುವುದಾದರೆ ಇದನ್ನು ಕಲಿಯಲಿ.

ಈಗ ಗಮನ ಕೊಟ್ಟು ನೋಡಬೇಕಾದ ಜಾಗಕ್ಕೆ ಬಂದೆವು. ರೂಮು ಕೇಳಿ ಬಂದವರ ಜೊತೆ ಮಾತು ಹೀಗೆ ನಡೆಯುತ್ತದೆ:

— ಲೆಸ್ ಕೇದ ಅಲ್ಗೂನ ಅಬಿತಸ್ಯೋನ್? (ನಿಮ್ಮಲ್ಲಿ ರೂಮು ಏನಾದರೂ ಉಳಿದಿದೆಯೇ?)
— ಸೀ, ನೊಸ್ ಕೇದನ್ ದೋಸ್. ಕ್ವಾಂತಸ್ ನೋಚೆಸ್ ಸೆ ಕೇದನ್? (ಹೌದು, ಎರಡಿವೆ. ಎಷ್ಟು ರಾತ್ರಿ ಇರ್ತೀರಿ?)
— ನೊಸ್ ಕೆದಾಮೊಸ್ ತ್ರೇಸ್. ಕೇದ ಲೇಹೊಸ್ ಲ ಪ್ಲಾಯ? (ಮೂರು ರಾತ್ರಿ. ಬೀಚು ದೂರವೇ?)
— ನೋ, ಕೇದ ಅ ಸೀಂಕೊ ಮಿನೂತೊಸ್ ಅ ಪ್ಯೇ. (ಇಲ್ಲ, ನಡೆದರೆ ಐದು ನಿಮಿಷ.)
— ಪೆರ್ಫೇಕ್ತೊ, ನೊಸ್ ಕೆದಾಮೊಸ್ ಕೊನ್ ಏಸ್ತ. (ಸರಿ, ಇದನ್ನೇ ತಗೊಳ್ತೇವೆ.)

‘ನೊಸ್ ಕೇದನ್’, ‘ನೊಸ್ ಕೆದಾಮೊಸ್’ ಎರಡರಲ್ಲೂ ‘ನೊಸ್’ ಇದೆ, ಅರ್ಥ ಮಾತ್ರ ಪೂರ್ತಿ ಬೇರೆ. ಗುರುತಿಸುವ ಪರೀಕ್ಷೆ ಹೀಗೆ: ಕ್ರಿಯಾಪದದ ಬಾಲವನ್ನು ಮುಂದಿನ ಪುಟ್ಟ ಪದದ ಜೊತೆ ಹೋಲಿಸಿ. ‘ನೊಸ್’ ಅಂದರೆ ನಾವು–ನಮಗೆ, ‘–ಮೊಸ್’ ಅಂದರೆ ನಾವು. ಎರಡೂ ಒಂದೇ ಜನರನ್ನು ಸೂಚಿಸಿದರೆ ಅದು ‘ಉಳಿದುಕೊಳ್ಳು’. ‘ನೊಸ್ ಕೇದನ್’ನಲ್ಲಿ ಬಾಲ ‘–ನ್’, ಅದು ರೂಮುಗಳದ್ದು. ಹಾಗಾಗಿ ‘ನಮಗೆ ಉಳಿದಿವೆ’. ಹಾಗೆಯೇ ‘ಮೆ ಕೇದೊ’ ನಾನು ಉಳಿದುಕೊಳ್ಳುತ್ತೇನೆ, ‘ಮೆ ಕೇದ’ ನನಗೆ ಉಳಿದಿದೆ ಅಥವಾ ನನಗೆ ಒಪ್ಪುತ್ತದೆ. ಪ್ರಥಮ ಪುರುಷದಲ್ಲಿ ಇಷ್ಟು ಕಷ್ಟವೂ ಇಲ್ಲ, ಪದವೇ ಬೇರೆ: ‘ಸೆ ಕೇದ’ ಉಳಿದುಕೊಳ್ಳುತ್ತಾನೆ, ‘ಲೆ ಕೇದ’ ಅವನಿಗೆ ಉಳಿದಿದೆ. ಈ ಒಂದು ಪರೀಕ್ಷೆ ಕೈಗೆ ಬರುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ.

‘ಇರು’ ಎಂದು ಹೇಳಬೇಕಾದಾಗ ಸಲುಗೆಗೆ ‘ಕೇದತೆ’, ಗೌರವಕ್ಕೆ ‘ಕೇದೆಸೆ’. ಅರ್ಜೆಂಟೀನಾದವರು ಸಲುಗೆಯಲ್ಲಿ ‘ಕೆದಾತೆ’ ಅನ್ನುತ್ತಾರೆ, ಒತ್ತು ಮುಂದಕ್ಕೆ ಸರಿಯುತ್ತದೆ. ತಪ್ಪೆಂದು ತಿದ್ದಲು ಹೋಗಬೇಡಿ.

ನಾಲ್ಕನೇ ಹೆಜ್ಜೆ: ದೂರ ಹೇಳುವುದು

‘ದೋಂದೆ ಕೇದ ಲ ಎಸ್ತಸ್ಯೋನ್?’ ಸ್ಟೇಷನ್ ಎಲ್ಲಿದೆ? ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ಸುಮಾರು 10 ಕಿ.ಮೀ. ಇರುವುದರಿಂದ ಉತ್ತರ ‘ಕೇದ ಅ ಊನೊಸ್ ದ್ಯೆಸ್ ಕಿಲೋಮೆತ್ರೊಸ್’. ಕಾರವಾರ ಕೇಳಿದರೆ ‘ಅ ಊನೊಸ್ ಸೆಸೇಂತ’, ಸುಮಾರು 60. ಆ ಪುಟ್ಟ ‘ಅ’ ಬಿಡಬಾರದು. ‘ಕೇದ ಅ ದ್ಯೆಸ್ ಕಿಲೋಮೆತ್ರೊಸ್’ ಎಂದರೆ ಹತ್ತು ಕಿಲೋಮೀಟರ್ ದೂರದಲ್ಲಿದೆ. ‘ಕೇದನ್ ದ್ಯೆಸ್ ಕಿಲೋಮೆತ್ರೊಸ್’ ಎಂದರೆ ಇನ್ನು ಹತ್ತು ಕಿಲೋಮೀಟರ್ ಬಾಕಿ. ಟ್ಯಾಕ್ಸಿಯವರಿಗೆ ಎರಡೂ ಬೇಕು: ಮೊದಲನೆಯದು ಬಾಡಿಗೆ ಮಾತಾಡುವಾಗ, ಎರಡನೆಯದು ದಾರಿಯಲ್ಲಿ.

ಜಾಗ ಬಿಟ್ಟು ಕದಲದ ವಸ್ತುಗಳಿಗೆ ಮಾತ್ರ ಈ ಬಳಕೆ. ಬೀಚು, ಬ್ಯಾಂಕು, ದೇವಸ್ಥಾನ ಸರಿ. ಮನುಷ್ಯ, ಬ್ಯಾಗು, ಬೈಕು ಎಲ್ಲಿದೆ ಎನ್ನಲು ‘ಎಸ್ತಾರ್’ ಬೇಕು, ‘ದೋಂದೆ ಎಸ್ತಾ’. ಸ್ಪೇನಿನವರು ಕಟ್ಟಡಕ್ಕೂ ‘ಎಸ್ತಾ’ ಹೆಚ್ಚು ಬಳಸುತ್ತಾರೆ. ಲ್ಯಾಟಿನ್ ಅಮೆರಿಕದವರ ಬಾಯಲ್ಲಿ ‘ಕೇದ’ ಸಲೀಸು.

ಐದನೇ ಹೆಜ್ಜೆ: ಸಿಗೋಣ, ಮಾತಾಯ್ತು

ಸ್ಪೇನಿನವರು ‘ಎಷ್ಟು ಹೊತ್ತಿಗೆ, ಎಲ್ಲಿ ಸಿಗೋಣ’ ಎಂದು ಗೊತ್ತು ಮಾಡಿಕೊಳ್ಳುವುದು ಇದೇ ಕ್ರಿಯಾಪದದಲ್ಲಿ. ‘ಕೆದಾಮೊಸ್ ಅ ಲಸ್ ಸೆಯ್ಸ್?’ ಆರಕ್ಕೆ ಸಿಗೋಣವಾ? ‘ಹೊರಡುವುದು ಅಂತ ಮಾತಾಯ್ತು’ ಎನ್ನಲು ‘ಎನ್’ ಮತ್ತು ಮೂಲ ಕ್ರಿಯಾರೂಪ: ‘ಕೆದಾಮೊಸ್ ಎನ್ ಸಲೀರ್ ಅ ಲಸ್ ಸೀಂಕೊ’, ಐದಕ್ಕೆ ಹೊರಡುವುದೆಂದು ಮಾತಾಗಿದೆ. ಮಾತು ಅತ್ತಿಂದಿತ್ತ ಎಳೆದಾಡಿ ಬೇಸರ ಬಂದಾಗ ‘ಎನ್ ಕೇ ಕೆದಾಮೊಸ್?’ ಕೊನೆಗೆ ಏನಂತ ಆಯ್ತು ಮಾರಾಯರೆ?

ವಾಟ್ಸ್ಆ್ಯಪ್‌ನಲ್ಲಿ ಬರುವ ಎರಡು ಸಂದೇಶಗಳನ್ನು ಹೋಲಿಸಿ. ‘ಕೆದಾಮೊಸ್ ಎನ್ ಕುಡ್ಲೆ’ ಅಂದರೆ ಕುಡ್ಲೆಯಲ್ಲಿ ಸಿಗೋಣ. ‘ನೊಸ್ ಕೆದಾಮೊಸ್ ಎನ್ ಕುಡ್ಲೆ’ ಅಂದರೆ ನಾವು ಕುಡ್ಲೆಯಲ್ಲೇ ಉಳಿದುಕೊಳ್ಳುತ್ತೇವೆ, ಅಥವಾ ಉಳಿದುಕೊಂಡೆವು. ಮೊದಲನೆಯದಕ್ಕೆ ಗಾಡಿ ಕಳಿಸಬೇಕು, ಎರಡನೆಯದಕ್ಕೆ ಬೇಡ. ‘ನೊಸ್’ ಓದದೇ ಬಿಟ್ಟರೆ ಡ್ರೈವರ್ ಬಿಸಿಲಲ್ಲಿ ಕಾಯುತ್ತಾನೆ. ಕಾಲ ಯಾವುದೆಂದು ರೂಪ ಹೇಳುವುದಿಲ್ಲ, ಪಕ್ಕದ ಪದ ಹೇಳಬೇಕು: ‘ಮಞಾನ’ (ನಾಳೆ) ಇದ್ದರೆ ಮುಂದಿನದು, ‘ಅಯೇರ್’ (ನಿನ್ನೆ) ಇದ್ದರೆ ಆಗಿಹೋದದ್ದು. ಎರಡೂ ಇಲ್ಲದಿದ್ದರೆ ಸಂಕೋಚಪಡದೆ ವಾಪಸ್ ಕೇಳಿ.

ಲ್ಯಾಟಿನ್ ಅಮೆರಿಕದ ಹಲವು ಕಡೆ ಭೇಟಿಗೆ ‘ನೊಸ್ ಬೇಮೊಸ್’ (ಸಿಗೋಣ) ಹೆಚ್ಚು. ಆದರೆ ‘ಕೆದಾರ್ ಎನ್’ ಅಲ್ಲೂ ಎಲ್ಲರಿಗೆ ಗೊತ್ತು.

ಆರನೇ ಹೆಜ್ಜೆ: ಕೊನ್ ಮತ್ತು ಸಿನ್

‘ಕೆದಾರ್ ಕೊನ್’ ಜೊತೆ ಮನುಷ್ಯರು ಬಂದರೆ ಭೇಟಿ: ‘ಕೆದೇ ಕೊನ್ ಆನ’, ಆನಳನ್ನು ಭೇಟಿಯಾಗಲು ಗೊತ್ತು ಮಾಡಿಕೊಂಡೆ. ‘ಕೆದಾರ್ಸೆ ಕೊನ್’ ಜೊತೆ ವಸ್ತು ಬಂದರೆ ಇಟ್ಟುಕೊಳ್ಳುವುದು: ‘ಕೇದೆಸೆ ಕೊನ್ ಎಲ್ ಕಾಂಬ್ಯೊ’, ಚಿಲ್ಲರೆ ನೀವೇ ಇಟ್ಟುಕೊಳ್ಳಿ. ಇಲ್ಲೂ ನಮ್ಮ ‘ಕೊಳ್ಳಿ’ ಸರಿಯಾಗಿ ಕೂತಿದೆ. ಅಂಗಡಿಯಲ್ಲಿ ‘ಮೆ ಕೇದೊ ಕೊನ್ ಏಸ್ತ’ ಅಂದರೆ ವ್ಯಾಪಾರ ಕುದುರಿತು, ಕಟ್ಟಿಕೊಡಿ. ಸ್ಪೇನಿನ ಹುಡುಗರು ‘ತೆ ಎಸ್ತಾಸ್ ಕೆದಾಂದೊ ಕೊನ್ಮೀಗೊ?’ ಅಂದರೆ ಮಾತ್ರ ಬೇರೆ: ನನ್ನನ್ನು ಕಿಚಾಯಿಸ್ತಿದ್ದೀಯಾ?

‘ಸಿನ್’ ಅಂದರೆ ಇಲ್ಲದೆ. ‘ಮೆ ಕೆದೇ ಸಿನ್ ಬತೆರೀಯ’: ಮೊಬೈಲಿನ ಚಾರ್ಜ್ ಮುಗೀತು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಬೇಕಾಗುವ ವಾಕ್ಯ ‘ನೊಸ್ ಏಮೊಸ್ ಕೆದಾದೊ ಸಿನ್ ಲೂಸ್’, ಕರೆಂಟು ಹೋಗಿದೆ. ಇಲ್ಲಿ ‘ಕೆದಾದೊ’ ಬದಲಾಗುವುದಿಲ್ಲ, ಹೇಳುವವರು ಹೆಂಗಸರಾದರೂ ಅದೇ.

ಏಳನೇ ಹೆಜ್ಜೆ: ‘ಆಗಿಬಿಡು’

ಸ್ಥಿತಿ ಬದಲಾಗಿ ಅಲ್ಲೇ ನಿಂತಿತು ಎನ್ನುವಾಗ ಕೆದಾರ್ಸೆ ಜೊತೆ ವಿಶೇಷಣ. ‘ಸೆ ಕೆದೋ ದೊರ್ಮೀದ’ ಅವಳಿಗೆ ನಿದ್ದೆ ಹತ್ತಿಬಿಟ್ಟಿತು, ಗಂಡಸಾದರೆ ‘ದೊರ್ಮೀದೊ’. ವಿಶೇಷಣ ಲಿಂಗಕ್ಕೆ ತಕ್ಕಂತೆ ಬದಲಾಗಲೇಬೇಕು. ‘ಸೆ ಕೆದೋ ಕಯಾದೊ’ ಸುಮ್ಮನಾಗಿಬಿಟ್ಟ. ಕುರುಡಾಗು, ವಿಧವೆಯಾಗು, ಬಸುರಿಯಾಗು, ಇವಕ್ಕೆಲ್ಲ ಇದೇ. ಆದರೆ ‘ಆಗು’ ಕಂಡಲ್ಲೆಲ್ಲ ಇದನ್ನು ತುರುಕಬೇಡಿ. ‘ಡಾಕ್ಟರ್ ಆದ’ ಎನ್ನಲು ‘ಅಸೇರ್ಸೆ’, ‘ಸಿಟ್ಟಾದ’ ಎನ್ನಲು ‘ಪೊನೇರ್ಸೆ’ ಬೇರೆ ಇವೆ.

‘ಸೆ’ ಇಲ್ಲದೆ ಫಲಿತಾಂಶವೂ ಬರುತ್ತದೆ. ಫುಟ್‌ಬಾಲ್ ಮಾತಿಗೆ ಇದಿಲ್ಲದೆ ಆಗುವುದಿಲ್ಲ. 2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ–ಫ್ರಾನ್ಸ್ 3–3ರಲ್ಲಿ ನಿಂತವಲ್ಲ, ಅದಕ್ಕೆ ‘ಕೆದಾರೊನ್ ಎಂಪತಾದೊಸ್ ಅ ತ್ರೇಸ್’. ಪೆನಾಲ್ಟಿಯಲ್ಲಿ 4–2 ಗೆದ್ದ ಅರ್ಜೆಂಟೀನಾದವರ ಮುಂದೆ ಈ ವಾಕ್ಯ ಹೇಳಿದರೆ ಮಾತು ಅರ್ಧ ಗಂಟೆಗೆ ಮುಗಿಯದು. ಮರ್ಯಾದೆಯ ಲೆಕ್ಕವೂ ಇದರಲ್ಲೇ: ‘ಕೆದಾರ್ ಮಾಲ್’ ಕೆಟ್ಟ ಹೆಸರು ಬರುವುದು, ‘ಕೆದಾರ್ ಕೋಮೊ ಉನ್ ತೋಂತೊ’ ಪೆಚ್ಚಾಗುವುದು. ‘ನೋ ಮೆ ಕೇದ ಓತ್ರ’ ಅಂದರೆ ಬೇರೆ ದಾರಿಯಿಲ್ಲ.

ಕೀಲಿಕೈ ರೂಮಲ್ಲೇ ಉಳಿದರೆ

ಇದು ಆಗಾಗ ಆಗುವ ಸಂಗತಿ, ಸ್ಪ್ಯಾನಿಷ್‌ನಲ್ಲಿ ಕೆಡುವುದೂ ಇಲ್ಲೇ. ‘ಚಾವಿ ಒಳಗೇ ಬಿಟ್ಟು ಬಂದೆ’ ಎನ್ನಲು ‘ಕೆದೇ ಲಸ್ ಯಾಬೆಸ್’ ಎನ್ನಬೇಡಿ. ಸ್ಪೇನಿನ ಪಶ್ಚಿಮದ ಕೆಲವು ಕಡೆ ಹಾಗನ್ನುತ್ತಾರೆ, ಉಳಿದವರಿಗೆ ಅದು ತಪ್ಪು. ಬಿಡುವುದಕ್ಕೆ ‘ದೆಹಾರ್’: ‘ದೆಹೇ ಲಸ್ ಯಾಬೆಸ್’. ತಪ್ಪು ನಮ್ಮದಲ್ಲ, ಚಾವಿಯದ್ದೇ ಎಂಬಂತೆ ‘ಚಾವಿ ಅಲ್ಲೇ ಉಳೀತು’ ಎನ್ನಬೇಕಾದರೆ ಲ್ಯಾಟಿನ್ ಅಮೆರಿಕದವರ ‘ಸೆ ಮೆ ಕೆದಾರೊನ್ ಲಸ್ ಯಾಬೆಸ್’ ಇದೆ, ನಮ್ಮ ಮಾತಿನ ಧಾಟಿಯೇ. ಅಂದಹಾಗೆ ನಮ್ಮ ಕರಾವಳಿಯ ‘ಚಾವಿ’ ಪೋರ್ಚುಗೀಸರಿಂದ ಬಂದದ್ದು, ಸ್ಪ್ಯಾನಿಷ್‌ನ ‘ಯಾಬೆ’ ಅದರ ಒಡಹುಟ್ಟಿದ ಪದ. ಗೋವೆಯ ಕಡೆ ಪೋರ್ಚುಗೀಸ್ ಬಲ್ಲವರಿಂದ ನೆರವು ಕೇಳುವುದಾದರೆ ಒಂದು ಎಚ್ಚರ: ಈ ಕೆಲಸಗಳನ್ನೆಲ್ಲ ಅವರ ಭಾಷೆಯಲ್ಲಿ ಮಾಡುವುದು ‘ಫಿಕಾರ್’, ‘ಕೆದಾರ್’ ಅಲ್ಲ.

ಅಭ್ಯಾಸದ ಕ್ರಮ

ನೋಟ್‌ಬುಕ್ಕಿನಲ್ಲಿ ಅರ್ಥದ ಪಟ್ಟಿ ಬರೆಯಬೇಡಿ, ಚೌಕಟ್ಟಿಗೊಂದು ಪುಟ ಕೊಡಿ: ಕೇದ, ಮೆ ಕೇದ, ಮೆ ಕೇದೊ, ಕೇದ ಅ, ಕೆದಾಮೊಸ್ ಎನ್, ಕೆದಾರ್ಸೆ ಕೊನ್, ಕೆದಾರ್ಸೆ ಸಿನ್, ಸೆ ಕೆದೋ. ಕೇಳಿದ, ಓದಿದ ಪ್ರತಿ ವಾಕ್ಯವೂ ಇವುಗಳಲ್ಲಿ ಒಂದಕ್ಕೆ ಹೋಗಬೇಕು. ಪುಟಕ್ಕೆ ಎಂಟು ಹತ್ತು ವಾಕ್ಯ ತುಂಬಿದ ಮೇಲೆ ಕನ್ನಡದ ಬದಿ ಮುಚ್ಚಿ ಓದಿ, ಆಮೇಲೆ ಸ್ಪ್ಯಾನಿಷ್ ಬದಿ ಮುಚ್ಚಿ ಹೇಳಿ. ಎರಡನೆಯದೇ ಕಷ್ಟ, ಹೆಚ್ಚು ಹೊತ್ತು ಅದಕ್ಕೇ ಕೊಡಿ. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಈ ಪದದ ಕೆಳಗೆ ‘ಸೆ’ ಇರುವ ಬಳಕೆಗಳಿಗೆ ಬೇರೆ ಗುರುತು ಇರುತ್ತದೆ, ಅರ್ಥ ಓದುವ ಮೊದಲು ಆ ಗುರುತು ನೋಡಿ. ಪರೀಕ್ಷೆ ಕಟ್ಟುವವರು, ಅಂದರೆ ‘ದೆಲೆ’ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಗೆ ಕೂರುವವರು, ಮೆ ಕೇದ–ಮೆ ಕೇದೊ ಜೋಡಿಯನ್ನೂ ಕೆದಾಬ–ಕೆದೋ ಜೋಡಿಯನ್ನೂ ಬರಹದಲ್ಲಿ ಪಕ್ಕಾ ಮಾಡಿಕೊಳ್ಳಬೇಕು: ‘ನೋ ಕೆದಾಬನ್ ಅಬಿತಸ್ಯೋನೆಸ್’ ನಾವು ಹೋದಾಗ ರೂಮು ಉಳಿದಿರಲಿಲ್ಲ, ‘ನೋ ಕೆದೋ ನಾದ’ ಕೊನೆಗೆ ಏನೂ ಉಳಿಯಲಿಲ್ಲ. ಸೀಸನ್ ಶುರುವಾಗುವ ಮೊದಲು ಕಲಿಯಬೇಕೆಂದಿರುವ ಹೋಮ್‌ಸ್ಟೇಯವರಿಗೆ ಮೊದಲ ನಾಲ್ಕು ಪುಟ ಸಾಕು, ಉಳಿದವನ್ನು ಅತಿಥಿಗಳೇ ಬಂದು ತುಂಬಿಸುತ್ತಾರೆ.